ಟ್ಯಾಂಕಿನ ಬಾಯಿ ಮೂಸಿದವನು

ಮೊಸರಿನಲ್ಲಿ ಕಲ್ಲು ಹುಡುಕುವವರು ಪುನಾತಾ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಕಲ್ಲು ಸಿಗದಿದ್ದರೆ ಅದನ್ನೂ ಯಾರೋ ಕದ್ದಿದ್ದಾರೆ ಅನ್ನುವವನು ಎವಾರಿಸ್ತೊ ಮೊಂತಾನ್ಯೊ ಒಬ್ಬನೇ. ಕೋಳಿ ಮೊಟ್ಟೆ ಇಡದಿದ್ದರೆ ಪಕ್ಕದ ಮನೆಯವರ ಮೇಲೆ ಅನುಮಾನ, ಇಟ್ಟರೆ ಹುಂಜದ ಮೇಲೆ ಅನುಮಾನ. ಇಂಥ ಮನುಷ್ಯ ಅಪ್ಪನ ಕಾಲದ ಲಾರಿಯನ್ನು ಇನ್ನೊಬ್ಬನ ಕೈಗೆ ಕೊಟ್ಟನೆಂದರೆ, ಆ ಕೈ ಗುಮೆರ್ಸಿಂದೊನದು ಅನ್ನುವ ಒಂದೇ ಕಾರಣಕ್ಕೆ.

ಗುಮೆರ್ಸಿಂದೊ ಮೆಕ್ಯಾನಿಕ್ಕು. ಎವಾರಿಸ್ತೊನ ಒಬ್ಬಳೇ ಮಗಳು ಲುಸಿಂದಾಳ ಹೆಸರಿಡುವ ದಿನ ಇಗರ್ಜಿಯಲ್ಲಿ ಕೂಸನ್ನು ಎತ್ತಿಕೊಂಡು ನಿಂತವನು ಅವನೇ. ಅಂದಿನಿಂದ ಇಬ್ಬರೂ ಕೊಂಪಾದ್ರೆಗಳು. ಅಣ್ಣತಮ್ಮಂದಿರನ್ನು ತಾಯಿಯ ಹೊಟ್ಟೆ ಕೊಡುತ್ತದೆ, ಕೊಂಪಾದ್ರೆಯನ್ನು ಮಾತ್ರ ನಾವೇ ದೇವರ ಮುಂದೆ ಆರಿಸಿಕೊಳ್ಳಬೇಕು. ಅದಕ್ಕೇ ನಮ್ಮ ಕಣಿವೆಯಲ್ಲಿ ಅಣ್ಣನ ಜೊತೆ ಜಗಳವಾಡಿದರೆ ಜನ ನಗುತ್ತಾರೆ, ಕೊಂಪಾದ್ರೆಯ ಜೊತೆ ಆಡಿದರೆ ಹೆದರಿ ಎದೆಗೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಇವರಿಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದಿಲ್ಲ, ಹೊರಗಿನವರನ್ನು ಮರ್ಯಾದೆಗೆ ಕರೆಯುವ ಹಾಗೆ ದೋನ್ ಅಂದದ್ದೂ ಇಲ್ಲ.

ಲಾರಿ ಹನ್ನೊಂದು ವರ್ಷ ಹಿತ್ತಲಿನ ಮರದಡಿ ನಿಂತಿತ್ತು. ಸೀಟಿನಲ್ಲಿ ಕೋಳಿಗಳ ಸಂಸಾರ. ಕಾಲಿಡುವಲ್ಲಿ ತಗಡು ತಿಂದುಹೋಗಿ ಕೆಳಗಿನ ಹುಲ್ಲು ಕಾಣುತ್ತಿತ್ತು, ಬಾಗಿಲು ಹಿಡಿದರೆ ತುಕ್ಕು ಹಪ್ಪಳದಂತೆ ಮುರಿದು ಕೈಗೆ ಬರುತ್ತಿತ್ತು. ಹಣೆಯ ಮೇಲೆ ಅಪ್ಪ ತಾನೇ ಬರೆದ ಹೆಸರು ಮಾತ್ರ ಉಳಿದಿತ್ತು: ವಿದಿತಾಯ್, ಅಂದರೆ ನನ್ನ ಜೀವವೇ.

"ತುಕ್ಕು ಕೆರೆದು ಬಣ್ಣ ಹೊಡೆದ್ರೆ ಮದುಮಗಳ ಥರ ನಿಂತ್ಕೊಳ್ಳುತ್ತೆ, ಅಷ್ಟೆ," ಎಂದ ಗುಮೆರ್ಸಿಂದೊ. "ಬೆಟ್ಟ ಹತ್ತಬೇಕು ಅಂದ್ರೆ ಕಾರ್ಬೊರೇಟರ್ ಕಿತ್ತು ಇಂಜೆಕ್ಷನ್ ಕೂರಿಸ್ಬೇಕು, ಕೊಂಪಾದ್ರೆ. ನಿಮ್ಮಪ್ಪ ಅರ್ಧ ದಾರೀಲಿ ಇಳಿದು ಸ್ಕ್ರೂ ತಿರುಗಿಸ್ತಾ ಇದ್ದದ್ದು ನೆನಪಿದೆ ತಾನೆ? ಮೇಲೆ ಹೋದಂಗೆ ಗಾಳಿ ತೆಳ್ಳಗಾಗುತ್ತೆ, ಪೆಟ್ರೋಲ್ ಜಾಸ್ತಿಯಾಗಿ ಇಂಜಿನ್ ಉಸಿರು ಕಟ್ಟುತ್ತೆ. ಇದಾದ್ರೆ ಗಾಳಿ ಎಷ್ಟಿದೆ ಅಂತ ತಾನೇ ನೋಡ್ಕೊಂಡು ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಕೊಡುತ್ತೆ."

"ತಾನೇ ನೋಡ್ಕೊಳ್ಳುತ್ತಾ? ಅದಕ್ಕೇನು ಕಣ್ಣಿದೆಯಾ?"

"ಇದೆ. ನಿಮಗಿರೋಷ್ಟು ಇಲ್ಲ."

ಮೂರು ತಿಂಗಳು ಕೆಲಸ ನಡೆಯಿತು. ಮೂರು ತಿಂಗಳೂ ಎವಾರಿಸ್ತೊ ಗ್ಯಾರೇಜಿನ ಮೂಲೆಯಲ್ಲಿ ಡಬ್ಬ ಬೋರಲು ಹಾಕಿಕೊಂಡು, ಟೋಪಿ ಹಣೆಗೆಳೆದುಕೊಂಡು ಕೂತೇ ಇದ್ದ. ತನ್ನ ಲಾರಿಯ ಒಳ್ಳೆ ಸಾಮಾನು ಬಿಚ್ಚಿ ಬೇರೆ ಲಾರಿಗೆ ಹಾಕಿಬಿಟ್ಟರೆ? ಅದಕ್ಕೆ ಮೊದಲೇ ಮೊಳೆ ತೆಗೆದುಕೊಂಡು ಕಂಡಕಂಡ ಭಾಗದ ಮೇಲೆಲ್ಲ ಸಣ್ಣ ಶಿಲುಬೆ ಗೀಚಿ ಗುರುತು ಮಾಡಿದ್ದ. ಗುಮೆರ್ಸಿಂದೊ ಇಂಜಿನ್ ತೊಳೆಯುವಾಗ ಒಂದೊಂದೇ ಕಂಡವು.

"ಇಷ್ಟು ಶಿಲುಬೆ ನಮ್ಮ ಇಗರ್ಜೀಲೂ ಇಲ್ಲ, ಕೊಂಪಾದ್ರೆ," ಎಂದು ನಕ್ಕು, ಬಟ್ಟೆಯಿಂದ ಒರೆಸಿ ಮುಂದುವರಿದ. ಎವಾರಿಸ್ತೊಗೆ ಆ ನಗುವೂ ಸರಿಬರಲಿಲ್ಲ. ತಪ್ಪಿಲ್ಲದವನು ಬೇಜಾರು ಮಾಡಿಕೊಳ್ಳಬೇಕಿತ್ತು, ನಗುವುದೇಕೆ?

ಕೊಳೆತ ತಗಡು ಕತ್ತರಿಸಿ ಹೊಸದು ಬೆಸೆದಾಯಿತು. ಪೆಟ್ರೋಲ್ ಟ್ಯಾಂಕು ಬಿಚ್ಚಿ, ಒಳಗೆ ಜಲ್ಲಿಕಲ್ಲು ಹುಳಿನೀರು ಹಾಕಿ, ಹಗ್ಗಕ್ಕೆ ಕಟ್ಟಿ ತೊಟ್ಟಿಲಿನಂತೆ ತೂಗಿ ತುಕ್ಕೆಲ್ಲ ಉದುರಿಸಿದ. ಒಳಗೆ ಕರೆಂಟಿನ ಪಂಪು ಇಳಿಸಿದ, ಹೊಸ ಪೈಪು ಎಳೆದ, ಫಿಲ್ಟರ್ ಕೂರಿಸಿದ. ಕೊನೆಗೆ ಹೇಳಿದ: "ಹಳೇದು ಕತ್ತೆ ಇದ್ದಂಗೆ, ಏನು ಹಾಕಿದ್ರೂ ತಿಂತಿತ್ತು. ಇದು ಹಂಗಲ್ಲ ಕೊಂಪಾದ್ರೆ. ಚೊಕ್ಕ ಪೆಟ್ರೋಲ್ ಬಿಟ್ಟು ಬೇರೇನೂ ಒಳಗೆ ಹೋಗ್ಬಾರದು." ಇದನ್ನು ಮೂರು ಸಲ ಹೇಳಿದ. ಮುಂದೆ ಏನಾದರೂ ಕೆಟ್ಟರೆ ತಪ್ಪನ್ನು ನನ್ನ ತಲೆಗೆ ಕಟ್ಟಲು ಈಗಲೇ ದಾರಿ ಮಾಡಿಕೊಳ್ಳುತ್ತಿದ್ದಾನೆ ಎಂದು ಎವಾರಿಸ್ತೊ ಮನಸ್ಸಿನಲ್ಲೇ ಬರೆದಿಟ್ಟುಕೊಂಡ.

ಶುಕ್ರವಾರ ಲಾರಿ ಮನೆಗೆ ಬಂತು. ನೀಲಿ ಬಣ್ಣ ಮಿರಮಿರ ಮಿಂಚುತ್ತಿತ್ತು. ಹಣೆಯ ಹೆಸರನ್ನು ಗುಮೆರ್ಸಿಂದೊ ಮುಟ್ಟಿರಲಿಲ್ಲ, ಸುತ್ತಲೂ ಜೋಪಾನವಾಗಿ ಬಣ್ಣ ಹೊಡೆದಿದ್ದ. ಎವಾರಿಸ್ತೊನ ಹೆಂಡತಿ ನಿಕೊಲಾಸಾ ಚಿಚಾ ಎಂಬ ಜೋಳದ ಹೆಂಡ ಕಾಯಿಸುವುದರಲ್ಲಿ ಊರಿಗೇ ಹೆಸರಾದವಳು. ಆವತ್ತಿಗೆಂದೇ ಹಳದಿ ಜೋಳ ಮೊಳಕೆ ಕಟ್ಟಿ, ಹುಳಿ ಬರಿಸಿ ಗಡಿಗೆ ತುಂಬಿಸಿಟ್ಟಿದ್ದಳು. ಅದನ್ನು ಸೋರೆ ಬುರುಡೆಯಲ್ಲಿ ಮೊಗೆದು ಎವಾರಿಸ್ತೊ ಮೊದಲು ನೆಲಕ್ಕೆ, ಭೂತಾಯಿಗೆ ಎರೆದ. ಆಮೇಲೆ ನಾಲ್ಕು ಚಕ್ರಕ್ಕೆ, ಬಾನೆಟ್ಟಿಗೆ. ಕಡೆಗೆ ಟ್ಯಾಂಕಿನ ಮುಚ್ಚಳ ತಿರುಗಿಸಿ, "ನೀನೂ ಕುಡಿ, ವಿದಿತಾಯ್" ಎಂದು ಒಂದು ಬುರುಡೆ ಒಳಗೂ ಸುರಿದ. ಅಪ್ಪ ಪ್ರತಿ ಶುಕ್ರವಾರ ಮಾಡುತ್ತಿದ್ದುದೇ ಅದು, ಕೈ ತಾನಾಗಿಯೇ ಮಾಡಿತು. ಗುಮೆರ್ಸಿಂದೊ ಅಷ್ಟರಲ್ಲಿ ಒಳಗೆ ಊಟಕ್ಕೆ ಕೂತಾಗಿತ್ತು.

ಸೋಮವಾರ ಬೆಳಿಗ್ಗೆ ಹಿಂದೆ ಹದಿನಾಲ್ಕು ಜನ ಹೆಂಗಸರನ್ನೂ ಅವರ ಗಂಟುಮೂಟೆಗಳನ್ನೂ ಹತ್ತಿಸಿಕೊಂಡು ಎವಾರಿಸ್ತೊ ಬೆಟ್ಟದ ಮೇಲಿನ ಆಲೂಗಡ್ಡೆ ಊರುಗಳ ಕಡೆ ಹೊರಟ. ಮಂಗಳವಾರದ ಸಂತೆಗೆ ಆಲೂಗಡ್ಡೆ ತರಬೇಕು. ಬಯಲಿನಲ್ಲಿ ಲಾರಿ ಹೂವಿನ ಹಾಗೆ ಓಡಿತು. ಏರು ಶುರುವಾಗಿ ಎರಡನೇ ತಿರುವಿಗೆ ಒಮ್ಮೆ ಕೆಮ್ಮಿತು, ಎರಡು ಸಲ ಕೆಮ್ಮಿತು, ನಿಂತೇಬಿಟ್ಟಿತು.

"ಏನ್ ದೋನ್ ಎವಾರಿಸ್ತೊ, ನಿಮ್ಮ ಮದುಮಗಳಿಗೆ ಬೆಟ್ಟದ ಮೇಲಿನ ಗಂಡ ಬೇಡ್ವಂತಾ?" ಎಂದು ಹಿಂದಿನಿಂದ ಒಬ್ಬಳು ಕೂಗಿದಳು. ಮಿಕ್ಕವರು ಹೊಟ್ಟೆ ಹಿಡಿದು ನಕ್ಕರು.

ಸುದ್ದಿ ತಿಳಿದು ಗುಮೆರ್ಸಿಂದೊ ಬಂದ. ಫಿಲ್ಟರ್ ಬಿಚ್ಚಿ ಅಂಗೈ ಮೇಲೆ ಬಗ್ಗಿಸಿದ, ಮೂಗಿನ ಹತ್ತಿರ ಹಿಡಿದ. ಎವಾರಿಸ್ತೊನ ಮುಖ ನೋಡಿದ, ಹಿಂದೆ ಕೂತಿದ್ದ ಹೆಂಗಸರನ್ನು ನೋಡಿದ. ಫಿಲ್ಟರನ್ನು ಜೇಬಿಗೆ ತುರುಕಿ, ಟ್ಯಾಂಕಿನ ತಳದಿಂದ ಒಂದಿಷ್ಟು ಇಳಿಸಿ ಚೆಲ್ಲಿ, ಹೊಸ ಫಿಲ್ಟರ್ ಹಾಕಿ ಲಾರಿ ಎಬ್ಬಿಸಿದ. "ಆಮೇಲೆ ಮನೆಗೆ ಬರ್ತೀನಿ ಕೊಂಪಾದ್ರೆ, ಒಂದು ಮಾತಿದೆ," ಎಂದಷ್ಟೇ ಹೇಳಿ ಹೋದ.

ಜೇಬಿಗೇಕೆ ಹಾಕಿಕೊಂಡ? ಕೆಟ್ಟ ಸಾಮಾನನ್ನು ಎಲ್ಲರ ಎದುರು ಎಸೆಯುತ್ತಾರೆ, ಇಲ್ಲ ತೋರಿಸುತ್ತಾರೆ. ಜೇಬಿಗೆ ಹಾಕಿಕೊಳ್ಳುವುದು ಕದ್ದ ಮಾಲನ್ನು! ಬೆಟ್ಟ ಹತ್ತಿ ಇಳಿಯುವಷ್ಟರಲ್ಲಿ ಎವಾರಿಸ್ತೊನ ತಲೆಯೊಳಗೆ ಇದು ಬೆಂದು ಬೆಂದು ಗಟ್ಟಿಯಾಯಿತು. ಹಳೇ ಫಿಲ್ಟರ್ ಹಾಕಿ ಮೋಸ ಮಾಡಿದ್ದಾನೆ, ಈಗ ಗುರುತು ಅಳಿಸುತ್ತಿದ್ದಾನೆ.

ಮರುದಿನ ಮಧ್ಯಾಹ್ನ ಸಂತೆ ಮುಗಿದು ಊರೆಲ್ಲ ಉಂಡು ಮಲಗಿದ ಹೊತ್ತು. ಗೇಟಿನ ಸಂದಿಯಿಂದ ಎವಾರಿಸ್ತೊ ನೋಡುತ್ತಿದ್ದ. ಗುಮೆರ್ಸಿಂದೊ ಬಂದ. ಬೀದಿಯಲ್ಲಿ ನಿಂತಿದ್ದ ಲಾರಿಯ ಟ್ಯಾಂಕಿನ ಮುಚ್ಚಳ ತೆಗೆದ. ಆ ಕಡೆ ಈ ಕಡೆ ನೋಡಿ ಬಾಯಿಗೆ ಮೂಗಿಟ್ಟು ಮೂಸಿದ! ಮತ್ತೆ ಮುಚ್ಚಿ ಬಂದು ಗೇಟು ಬಡಿದ.

"ಕೊಂಪಾದ್ರೆ, ಇದೀರಾ? ಇಬ್ರೇ ಮಾತಾಡ್ಬೇಕು."

ಎವಾರಿಸ್ತೊನ ಕೈ ಚಿಲಕದ ಮೇಲೇ ಇತ್ತು. ತೆಗೆಯಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಕಣ್ಣಾರೆ ಕಂಡಾಯಿತಲ್ಲ, ಇನ್ನೇನು ಮಾತು? ಗುಮೆರ್ಸಿಂದೊ ತುಂಬ ಹೊತ್ತು ನಿಂತಿದ್ದು ಹೋದ. ಬುಧವಾರವೂ ಬಂದ. ಬುಧವಾರವೂ ಚಿಲಕ ಸರಿಯಲಿಲ್ಲ.

"ಏನ್ ಮಾರಾಯ ನಿನ್ನ ಹುಚ್ಚು," ನಿಕೊಲಾಸಾ ಹರಿಹಾಯ್ದಳು. "ಲಾರಿ ಹೋದ್ರೆ ಇನ್ನೊಂದು ಲಾರಿ ಬರುತ್ತೆ. ಕೊಂಪಾದ್ರೆ ಹೋದ್ರೆ ಯಾವ ಸಂತೇಲಿ ತರ್ತೀಯ?"

"ನಿಂಗೇನ್ ಗೊತ್ತು, ಸುಮ್ನಿರು."

"ಹೂಂ, ಕಾಮಾಲೆ ಕಣ್ಣೋರಿಗೆ ಮಾತ್ರ ಎಲ್ಲ ಗೊತ್ತು."

ಇನ್ನೊಬ್ಬರ ಹೊಟ್ಟೆಕಿಚ್ಚು ಲಾರಿಗೆ ತಟ್ಟಿದೆ ಎಂದಮೇಲೆ ಭೂತಾಯಿಯ ಕಾವಲೂ ಹೆಚ್ಚಬೇಕಲ್ಲ. ಬಂದ ಶುಕ್ರವಾರ ಎವಾರಿಸ್ತೊ ಭೂತಾಯಿಗೆ ಎರಡು ಬುರುಡೆ ಎರೆದ, ಟ್ಯಾಂಕಿಗೆ ಮೂರು ಸುರಿದ. ಸೋಮವಾರ ಲಾರಿ ಎರಡನೇ ತಿರುವಿನವರೆಗೂ ಹೋಗಲಿಲ್ಲ, ಮೊದಲನೆಯದಕ್ಕೇ ಸತ್ತು ಬಿತ್ತು. ಬೇರೆ ಲಾರಿಗಳು ಹಾರನ್ ಹೊಡೆದುಕೊಂಡು ಪಕ್ಕದಲ್ಲೇ ಹಾದುಹೋದವು. ಬಯಲಿಗೆ ಎಳೆಸಿಕೊಂಡು ವಾಪಸು ಬರುವಾಗ ಎವಾರಿಸ್ತೊ ಹಲ್ಲು ಕಚ್ಚಿ ಕೂತಿದ್ದ.

ಬುಧವಾರ ಚಾಲಕರ ಸಂಘದ ಸಭೆ. ಆವತ್ತಿನ ಮೊದಲ ವಿಷಯವೇ ಒಬ್ಬ ಚಾಲಕನ ಲಾರಿಯಲ್ಲಿ ಚಿಚಾ ಸಿಕ್ಕಿದ್ದು. ಕುಡಿದಿದ್ದನೋ ಇಲ್ಲವೋ ಯಾರೂ ಕೇಳಲಿಲ್ಲ. ಬೆಟ್ಟದ ದಾರಿಯಲ್ಲಿ ಉರುಳಿ ಸತ್ತವರು ಎಷ್ಟೋ ಮಂದಿ, ಅದಕ್ಕೇ ಸಂಘದ ಕಟ್ಟಳೆ ಕಲ್ಲಿನಷ್ಟು ಗಟ್ಟಿ: ಲಾರಿಯೊಳಗೆ ಚಿಚಾ ಕಂಡರೆ ಒಂದು ವರ್ಷ ಬಾಡಿಗೆ ಓಡಿಸುವ ಸರದಿ ಇಲ್ಲ. ಕಾರ್ಯದರ್ಶಿ ದೋನ್ ಅಪೊಲಿನಾರ್ ಅವನ ಹೆಸರು ಹೊಡೆದುಹಾಕಿದ. ಆಮೇಲೆ ಎವಾರಿಸ್ತೊ ಎದ್ದು ನಿಂತ. ಗುಮೆರ್ಸಿಂದೊ ಹಿಂದಿನ ಬೆಂಚಿನಲ್ಲಿ ಕೂತಿದ್ದ.

"ಗುಮೆರ್ಸಿಂದೊ ಕ್ಲಾರೋಸ್ ಕಳ್ಳ," ಎಂದ ಎವಾರಿಸ್ತೊ.

ಹೆಸರು ಹಿಡಿದು ಕರೆದದ್ದು ಕೇಳಿಯೇ ಮುಂದೆ ಕೂತವರು ಶಿಲುಬೆಯ ಗುರುತು ಹಾಕಿಕೊಂಡರು. ಫಿಲ್ಟರು, ಜೇಬು, ಟ್ಯಾಂಕು ಮೂಸಿದ್ದು ಎಲ್ಲವನ್ನೂ ಒದರಿದ. ದೋನ್ ಅಪೊಲಿನಾರ್ ಕನ್ನಡಕ ತೆಗೆದು, "ಏನಪ್ಪಾ ಗುಮೆರ್ಸಿಂದೊ, ಆ ಫಿಲ್ಟರ್‌ನಲ್ಲಿ ಏನಿತ್ತು?" ಎಂದು ಕೇಳಿದ.

ಗುಮೆರ್ಸಿಂದೊ ಎದ್ದ. ಎವಾರಿಸ್ತೊನನ್ನು ನೋಡಿದ. "ಏನೂ ಇರಲಿಲ್ಲ. ನನ್ನ ಕೆಲಸದಲ್ಲೇ ಏನೋ ತಪ್ಪಾಗಿದೆ. ಇನ್ನೇನೂ ಹೇಳಲ್ಲ," ಎಂದು ಕೂತ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ! ಎವಾರಿಸ್ತೊ ಗೆದ್ದವನಂತೆ ಸುತ್ತ ನೋಡಿದ. ಇನ್ನು ಮೇಲೆ ಯಾರೂ ಅವನ ಗ್ಯಾರೇಜಿಗೆ ಲಾರಿ ಬಿಡಬಾರದು ಎಂದು ಸಂಘ ಕೈ ಎತ್ತಿತು. ಅದೇ ಸಂಜೆ ಅಲ್ಲಿ ರಿಪೇರಿಗೆ ನಿಂತಿದ್ದ ಮೂರು ಲಾರಿಗಳನ್ನು ಎಳೆದುಕೊಂಡು ಹೋದರು.

ಗೆದ್ದರೆ ಸಾಲದು, ಸಾಕ್ಷಿಯೂ ಬೇಕು. ಮರುದಿನ ಎವಾರಿಸ್ತೊ ತಾನೇ ಲಾರಿಯಡಿ ತೂರಿ ಫಿಲ್ಟರ್ ಬಿಚ್ಚಿದ. ಒಳಗೆ ಮಬ್ಬು ಹಳದಿ ಗಸಿ. ಅದನ್ನು ಪಾತ್ರೆಗೆ ಸುರಿದುಕೊಂಡು ಅಡುಗೆಮನೆಗೆ ಓಡಿದ.

"ನೋಡೇ! ಏನ್ ಹಾಕಿದಾನೆ ನೋಡು ಒಳಗೆ!"

ನಿಕೊಲಾಸಾ ಮೂಸಿದಳು. ಬೆರಳದ್ದಿ ಉಜ್ಜಿ ಮತ್ತೆ ಮೂಸಿದಳು. "ಇದು ನಾನು ಮಾಡಿದ ಚಿಚಾ."

"ಹಂಗಾದ್ರೆ ನಮ್ಮನೆ ಚಿಚಾನೇ ಕದ್ದು..."

"ಬಾಯ್ಮುಚ್ಚು!" ಅವಳು ಸೌಟು ಕುಕ್ಕಿದಳು. "ಶುಕ್ರವಾರ ಶುಕ್ರವಾರ ಬುರುಡೆ ಹಿಡ್ಕೊಂಡು ಲಾರಿಗೆ ಕುಡಿಸ್ತೀಯಲ್ಲ, ಅದು ಯಾರು? ನಿನ್ನ ದೆವ್ವವಾ?"

"ಅಪ್ಪನೂ ಹಾಕ್ತಿದ್ದ..."

"ನಿಮ್ಮಪ್ಪ ಟ್ಯಾಂಕಿನ ಕೆಳಗೆ ಗಸಿ ನಿಲ್ಲೋ ಗಾಜಿನ ಬಟ್ಟಲು ಬಿಚ್ಚಿ, ನೀರು ಚೆಲ್ಲಿ ಹೊರಡ್ತಿದ್ದ. ಇದು ಹೊಸ ಗಾಡಿ, ಚೊಕ್ಕ ಪೆಟ್ರೋಲ್ ಬಿಟ್ಟು ಏನೂ ಬೇಡ ಅಂತ ಆ ಪುಣ್ಯಾತ್ಮ ಮೂರು ಸಲ ಬಡ್ಕೊಂಡ. ಮಾಡಿದ್ದುಣ್ಣೋ ಮಹರಾಯ!"

ಎವಾರಿಸ್ತೊ ಅಲ್ಲೇ ಕುಸಿದು ಕೂತ. ಬಯಲಿನಲ್ಲಿ ತಳದಲ್ಲೇ ಇದ್ದ ಚಿಚಾ ಏರಿನಲ್ಲಿ ಹಿಂದೆ ಸರಿದು ಪಂಪಿನ ಬಾಯಿಗೆ ಬಂದಿದೆ, ಇಷ್ಟೇ. ಗುಮೆರ್ಸಿಂದೊಗೆ ಮೊದಲ ದಿನವೇ ವಾಸನೆ ಹತ್ತಿದೆ. ಹದಿನಾಲ್ಕು ಹೆಂಗಸರ ಮುಂದೆ ಚಿಚಾ ಅಂದಿದ್ದರೆ ಸಂಜೆಯೊಳಗೆ ಸಂಘಕ್ಕೆ ಗೊತ್ತಾಗುತ್ತಿತ್ತು. ಅದಕ್ಕೇ ಜೇಬು. ಅದಕ್ಕೇ ಇಬ್ಬರೇ ಮಾತಾಡಬೇಕು ಎಂದು ಗೇಟು ಬಡಿದದ್ದು. ಕಳ್ಳ ಅನ್ನಿಸಿಕೊಂಡು ನಿಂತಾಗಲೂ ಒಂದೇ ಒಂದು ಮಾತು ಆಡಿದ್ದರೆ ತಾನು ಪಾರಾಗುತ್ತಿದ್ದ, ಎವಾರಿಸ್ತೊನ ಸರದಿ ಹೋಗುತ್ತಿತ್ತು. ಆಡಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ ಎಂದು ಎವಾರಿಸ್ತೊ ಹಣೆ ಚಚ್ಚಿಕೊಂಡ.

ಮುಂದಿನ ಬುಧವಾರ ಸಭೆಯಲ್ಲಿ ಟೋಪಿ ತೆಗೆದು ನಿಂತು ಎಲ್ಲ ಹೇಳಿದ. ಮೊದಲು ಯಾರೂ ನಂಬಲಿಲ್ಲ, ಆಮೇಲೆ ಗೋಡೆ ಬಿರಿಯುವ ಹಾಗೆ ನಕ್ಕರು. "ಲಾರಿಗೇ ಕುಡಿಸಿದ್ಯೇನೋ ಮಾರಾಯ!" ಎಂದು ಬೆನ್ನು ತಟ್ಟಿದರು. ದೋನ್ ಅಪೊಲಿನಾರ್ ಮಾತ್ರ ನಗದೆ ಒಂದು ವರ್ಷ ಸರದಿ ಇಲ್ಲ ಎಂದು ಬರೆದ. ಗ್ಯಾರೇಜಿನ ಮೇಲಿನ ತಡೆ ತೆಗೆದುಹಾಕಿದರು. ಗುಮೆರ್ಸಿಂದೊ ಆವತ್ತು ಬಂದಿರಲಿಲ್ಲ.

ಬೆಳಿಗ್ಗೆ ಎವಾರಿಸ್ತೊ ಗ್ಯಾರೇಜಿಗೆ ಹೋದ. ಅಂಗಳ ಖಾಲಿ. ಗುಮೆರ್ಸಿಂದೊ ಸ್ಪ್ಯಾನರುಗಳನ್ನು ಒರೆಸಿ ಒರೆಸಿ ಜೋಡಿಸುತ್ತಿದ್ದ. ಸಭೆಯ ಸುದ್ದಿ ರಾತ್ರಿಯೇ ಮುಟ್ಟಿತ್ತು.

"ಕೊಂಪಾದ್ರೆ," ಎಂದ ಎವಾರಿಸ್ತೊ. "ನಾನು ಪಾಪಿ. ಕಳ್ಳ ಅಂದ್ಬಿಟ್ಟೆ. ನಿಮ್ಮ ಕಾಲು ಹಿಡ್ಕೋತೀನಿ."

"ಕೋಪದಲ್ಲಿ ಅಂದ ಮಾತು, ಹೋಗ್ಲಿ ಬಿಡಿ." ಗುಮೆರ್ಸಿಂದೊ ತಲೆ ಎತ್ತಲಿಲ್ಲ. "ಆದ್ರೆ ಆವತ್ತು ನಾನು ಗೇಟು ಬಡಿದಾಗ ನೀವು ಆ ಕಡೇನೇ ನಿಂತಿದ್ರಿ. ನಿಮ್ಮ ಉಸಿರಾಟ ಕೇಳಿಸ್ತಿತ್ತು ನಂಗೆ. ಎರಡು ದಿನವೂ."

ಎವಾರಿಸ್ತೊ ಉಳಿದಿದ್ದ ಒಂದು ಸ್ಪ್ಯಾನರನ್ನು ಎತ್ತಿ ಅವನ ಕಡೆ ಚಾಚಿದ.

"ಟ್ಯಾಂಕು ಬಿಚ್ಚಿ ತನ್ನಿ, ತೊಳೆದು ಕೊಡ್ತೀನಿ," ಎಂದು ಗುಮೆರ್ಸಿಂದೊ ಕೊನೆಯ ಸ್ಪ್ಯಾನರ್ ಒಳಗಿಟ್ಟ. "ಸೋಮವಾರ ಆಗುತ್ತೆ, ದೋನ್ ಎವಾರಿಸ್ತೊ."

ಮನೆಗೆ ಬಂದಾಗ ನಿಕೊಲಾಸಾ ಜೋಳ ಆರಿಸುತ್ತ ಬಾಗಿಲಲ್ಲೇ ಕೂತಿದ್ದಳು.

"ಏನಂದ್ರು ಕೊಂಪಾದ್ರೆ?"

"ಟ್ಯಾಂಕು ತೊಳೆದು ಕೊಡ್ತಾರಂತೆ."

"ಅಬ್ಬಾ, ಬದುಕಿದ್ವಿ. ಮತ್ತೇನಂದ್ರು?"

"ದೋನ್ ಎವಾರಿಸ್ತೊ ಅಂದ್ರು."

ನಿಕೊಲಾಸಾಳ ಕೈ ಜೋಳದ ಮೇಲೇ ನಿಂತಿತು. ಆಮೇಲೆ ಅವಳು ಶಾಲಿನ ಅಂಚಿನಿಂದ ಕಣ್ಣೊತ್ತಿಕೊಂಡು ಎದ್ದು ಒಳಗೆ ಹೋದಳು.