ಸುಣ್ಣದ ತಿಳಿ

ಇಂದುಬಾಯಿ ಹಂಡೆಯನ್ನು ಅಂಗಳದ ಮೋರಿಗೆ ಬಗ್ಗಿಸಿ, ಬೋರಲು ಹಾಕಿ, ಮತ್ತೆ ಅಡುಗೆಮನೆಗೆ ನುಗ್ಗಿದಳು. ಸಾವಿನ ಮನೆಯಲ್ಲಿ ಹಿಂದಿನ ದಿನದ ನೀರು ಒಂದು ಹನಿಯೂ ಉಳಿಯಕೂಡದು. ಅತ್ತಿಗೆ ಜಯಮಾಲಾ ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿದ್ದಳು. ಹೊರಗೆ ಚಟ್ಟ ಕಟ್ಟುತ್ತಿದ್ದರು. ಸಿಂದಗಿಯ ನೆಂಟರು ಇನ್ನೂ ಬಸ್ಸಿನಲ್ಲಿದ್ದರು.

ಕೊಡ, ತಂಬಿಗೆ ಎಲ್ಲ ಖಾಲಿಯಾದವು. ಕಿಟಕಿಯಲ್ಲಿದ್ದ ಗಾಜಿನ ಲೋಟದ ಮೇಲಿನ ತಾಟು ತೆಗೆದಿದ್ದೇ ತಡ, ಹೆಣದ ಪಕ್ಕ ಕೂತಿದ್ದ ಅಣ್ಣ ಬಸಂತರಾಯ ಧಡಕ್ಕನೆ ಎದ್ದು ಬಂದ.

"ಏ ಇಂದು, ಅದನ್ನ ಮುಟ್ಟಬ್ಯಾಡ!"

"ನೀರದು ಅಣ್ಣಾ. ಚೆಲ್ಲಬೇಕಲ್ಲ?"

"ಬರೇ ನೀರಲ್ಲ. ಅದರಾಗ ಜಯಾ ಅದಾಳ."

"ಅಯ್ಯ ನನ್ನ ಶಿವನ! ಇವನ ತಲಿ ಕೆಡ್ತು," ಎಂದು ಇಂದುಬಾಯಿ ಹಣೆ ಹಣೆ ಬಡಿದುಕೊಂಡಳು.

*

ಹಿಂದಿನ ಸಂಜೆ ಬಸಂತರಾಯ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಇಂಡಿ ಪಟ್ಟಣದ ಹೈಸ್ಕೂಲಿನಲ್ಲಿ ಊರಿನ ಮಕ್ಕಳಿಗೆಲ್ಲ ವಿಜ್ಞಾನ ಕಲಿಸಿದ ಜಯಮಾಲಾಳಿಗೆ ಗಂಡನಿಗೆ ಒಂದು ಪಾಠ ಹೇಳಲೂ ಆಗಿರಲಿಲ್ಲ. "ನಮಗ್ಯಾಕ ಬೇಕದು," ಎಂದು ಎದ್ದು ಹೋಗುವ ಆಸಾಮಿ. ನಿನ್ನೆ ಏನನ್ನಿಸಿತೋ, ತಾನಾಗಿಯೇ ಕೇಳಿದ.

"ಈ ಸುಣ್ಣದಾಗ ಏನೇನಿರ್ತೈತಿ?"

ಅವಳು ಅವನ ಡಬ್ಬಿಯ ಸುಣ್ಣವನ್ನೇ ನೀರಿಗೆ ಕದಡಿ, ಬಟ್ಟೆಯಲ್ಲಿ ಸೋಸಿ ಗಾಜಿನ ಲೋಟಕ್ಕೆ ತಿಳಿ ತೆಗೆದಳು. ಪಪ್ಪಾಯಿ ಎಲೆಯ ಟೊಳ್ಳು ದಂಟು ತಂದು, ಅದರಿಂದ ತಿಳಿಯೊಳಗೆ ಊದಿದಳು. ತಿಳಿನೀರು ಹಾಲಿನಂತಾಯಿತು.

"ಏನ ಮಾಡಿದಿ?"

"ಕಲ್ಲು ಮಾಡಿದೆ. ಸುಣ್ಣದ ಕಲ್ಲು ಸುಟ್ಟಾಗ ಒಂದು ಗ್ಯಾಸು ಹೋಗಿರ್ತೈತಿ. ಅದನ್ನ ಊದಿ ತಿರುಗಿ ಕೊಟ್ಟೇನಿ. ಒಂದು ಕ್ಯಾಲ್ಸಿಯಂ, ಒಂದು ಕಾರ್ಬನ್, ಮೂರು ಆಕ್ಸಿಜನ್. ಕ್ಯಾಲ್ಸಿಯಂ ನಿಮ್ಮ ಡಬ್ಬೀದು. ಕಾರ್ಬನ್ ನನ್ನ ಉಸಿರಿಂದು."

"ಇನ್ನಷ್ಟು ಊದು."

"ಸಾಕ್ರಿ. ಜಾಸ್ತಿ ಊದಿದ್ರ ಎಲ್ಲಾ ಕರಗಿ ಹೋಗ್ತೈತಿ. ತಳಕ್ಕ ಕುಂದರ್ಲಿ, ಮುಂಜಾನಿ ನೋಡೂಣು. ಮುಚ್ಚಿಡ್ರಿ, ಈ ತಿಳಿ ಯಾರ ಉಸಿರನ್ನಾದ್ರೂ ಹಿಡಿತೈತಿ."

ಅವನೇ ತಾಟು ಮುಚ್ಚಿದ.

*

ಈಗ ಲೋಟದ ಮೇಲೆ ನಾಲ್ಕೈದು ತಲೆಗಳು ಬಗ್ಗಿದ್ದವು. ತಳದಲ್ಲಿ ತೆಳ್ಳಗೆ ಬಿಳಿ ಕೂತಿತ್ತು.

"ಅತ್ತಾಗ ಸರೀರಿ! ನಿಮ್ಮ ಉಸಿರು ಬೀಳ್ತೈತಿ," ಎಂದು ಬಸಂತರಾಯ ಅಂಗೈಯಿಂದ ಲೋಟದ ಬಾಯಿ ಮುಚ್ಚಿದ.

ಯಾರಿಗೂ ತಿಳಿಯಲಿಲ್ಲ. ಪಕ್ಕದ ಮನೆಯ ಮೆಹರಾಜ ಜಯಮಾಲಾಳ ಕೈಯಲ್ಲಿ ಕಲಿತವಳು. ಅವಳ ಕಣ್ಣು ತುಂಬಿತು.

"ಕಾಕಾ, ಮ್ಯಾಲಿನ ನೀರಷ್ಟ ಬಗ್ಗಿಸಿಬಿಡ್ರಿ. ಉಸಿರು ಹಿಡಿಯೂದು ಅದರಾಗಿನ ಸುಣ್ಣ. ತಳದ್ದು ಅಕ್ಕೋರ್ದು, ಅದು ಅಲ್ಲೇ ಇರ್ತೈತಿ."

"ನನಗೇನಪಾ, ನೀರು ಹೋದ್ರ ಸಾಕು," ಎಂದಳು ಇಂದುಬಾಯಿ. ದನಿ ತಗ್ಗಿತ್ತು.

ಬಸಂತರಾಯ ಮೋರಿಯ ಹತ್ತಿರ ಕೂತು ನಿಧಾನಕ್ಕೆ ತಿಳಿ ಬಗ್ಗಿಸಿದ. ತನ್ನ ಮುಖವನ್ನೂ ಬೇರೆ ಕಡೆ ತಿರುಗಿಸಿಕೊಂಡಿದ್ದ. ನೀರು ಮುಗಿಯುವವರೆಗೆ ಉಸಿರು ಬಿಡಲಿಲ್ಲ.

ಹೆಣ ಎತ್ತಿದಾಗ ಅಂಗಳದಲ್ಲಿ ಹಂಡೆ, ಕೊಡ, ತಂಬಿಗೆಗಳೆಲ್ಲ ಬೋರಲು ಬಿದ್ದಿದ್ದವು. ಕಟ್ಟೆಯ ಮೇಲೆ ಒಂದು ಲೋಟ ಮಾತ್ರ ನೆಟ್ಟಗಿತ್ತು. ಅದರ ಮೇಲೆ ತಾಟು. ತಾಟು ಗಾಳಿಗೆ ಹಾರದಂತೆ ಬಸಂತರಾಯನ ಸುಣ್ಣದ ಡಬ್ಬಿ.