ಮೇಲಿನ ಅಚ್ಚು, ಕೆಳಗಿನ ಅಚ್ಚು

“ಅಕ್ಕ, ಒಂದೇ ಮಾತು,” ಎಂದು ಅವನು ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ನಿಂತು ದನಿ ತಗ್ಗಿಸಿದ. “ಹಲ್ಲಿನವರು ಬರ್ತಾರೆ ಅಂತಷ್ಟೇ ಅಮ್ಮಂಗೆ ಹೇಳಿರೋದು. ನೀವೂ ಅಷ್ಟೇ ಇಟ್ಕೊಳ್ಳಿ. ಆ ವಿಷ್ಯ ಎತ್ತಿದ್ರೆ ಅಮ್ಮ ಎದ್ದು ಒಳಗೆ ಹೋಗಿ ಬಾಗಿಲು ಹಾಕ್ಕೋತಾಳೆ. ಆಮೇಲೆ ದೇವರೇ ಬಂದು ತಟ್ಟಿದ್ರೂ ತೆಗೆಯಲ್ಲ.”

“ಹಲ್ಲಿನವಳೇ ತಾನೆ ನಾನು,” ಎಂದಳು ಹಲ್ಲಕ್ಕ, ಏದುಸಿರು ಬಿಡುತ್ತ. “ಮೊದಲು ಇದನ್ನ ಹೇಳು, ಊರ ಲಿಫ್ಟೆಲ್ಲ ರಿಪೇರಿ ಮಾಡೋನು ನೀನು. ನಿಮ್ಮ ಮನೆಗೇ ಲಿಫ್ಟ್ ಇಲ್ವಲ್ಲೋ!”

ಅವನು ನಕ್ಕ. ಆ ನಗು ಕಂಡಾಗಲೆಲ್ಲ ಅವಳಿಗೆ ಒಂದು ಗಳಿಗೆ ಏನೂ ತೋಚುತ್ತಿರಲಿಲ್ಲ. ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡಳು. ಅದರೊಳಗೆ ಸ್ಟೀಲಿನ ಟ್ರೇಗಳು, ರಬ್ಬರ್ ಬಟ್ಟಲು, ಗುಲಾಬಿ ಬಣ್ಣದ ಪುಡಿಯ ಡಬ್ಬಿ. ಮೂವತ್ತೆಂಟು ವರ್ಷದಿಂದ ಅವಳು ಹಲ್ಲಿನ ಸೆಟ್ ಕಟ್ಟುತ್ತಿದ್ದಳು. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕುಳಿತು, ಎಂದೂ ಮುಖ ನೋಡದವರ ಬಾಯಿಗೆ ಮೇಣದ ಮೇಲೆ ಹಲ್ಲು ಜೋಡಿಸುವುದು ಅವಳ ಕೆಲಸ. ಮನೆ ಬಿಟ್ಟು ಬರಲಾಗದ ಮುದುಕರಿದ್ದರೆ ಬಾಯಿಯ ಅಚ್ಚು ತೆಗೆಯಲು ಡಾಕ್ಟರು ಅವಳನ್ನೇ ಕಳಿಸುತ್ತಿದ್ದರು. ಹಾಗಾಗಿ ಅವಳು ಊರಿಗೆಲ್ಲ ಹಲ್ಲಕ್ಕ. ಊರಿಗೆಲ್ಲ ಅಕ್ಕನಾದರೂ ಸ್ವಂತದ ತಮ್ಮ ಒಬ್ಬನಿದ್ದಾನೆ, ಇವನೇ ಅವನು ಎಂದು ಗೊತ್ತಾದದ್ದು ಮೂರು ತಿಂಗಳ ಹಿಂದೆ.

ಅದೂ ಉಗುಳಿನಿಂದ. ಅವಳ ಮಗಳು ಐವತ್ತೊಂಬತ್ತನೆಯ ಹುಟ್ಟುಹಬ್ಬಕ್ಕೆಂದು ಒಂದು ಪುಟ್ಟ ಪೆಟ್ಟಿಗೆ ತಂದುಕೊಟ್ಟಿದ್ದಳು. “ಈ ಕೊಳವೇಲಿ ಉಗುಳಿ ಅಂಚೆಗೆ ಹಾಕಿದ್ರೆ ಡಿಎನ್‌ಎ ನೋಡಿ ನಿನ್ನ ರಕ್ತದವರು ಯಾರ್ಯಾರಿದ್ದಾರೆ ಅಂತ ಹೇಳ್ತಾರಮ್ಮ,” ಎಂದಿದ್ದಳು. ಹಲ್ಲಕ್ಕ ಸಾಕುಮಗಳು. ಸೈಕಲ್ ಅಂಗಡಿಯ ಗಂಡಹೆಂಡಿರು ಅವಳನ್ನು ಹಸುಗೂಸಾಗಿದ್ದಾಗ ತಂದು ಬೆಳೆಸಿದ್ದರು, ಅದನ್ನು ಅವಳಿಂದ ಎಂದೂ ಮುಚ್ಚಿಟ್ಟಿರಲಿಲ್ಲ. ಅವರಿಬ್ಬರೂ ಬದುಕಿರುವಷ್ಟು ಕಾಲ ಹೆತ್ತವರನ್ನು ಹುಡುಕುವುದು ಉಂಡ ಮನೆಗೆ ಎರಡು ಬಗೆದಂತೆ ಎಂದು ಅವಳು ಆ ಕಡೆ ತಲೆ ಹಾಕಿರಲಿಲ್ಲ. ಈಗ ಇಬ್ಬರೂ ಇರಲಿಲ್ಲ.

“ಜೀವಮಾನವೆಲ್ಲ ಊರವರ ಉಗುಳಲ್ಲಿ ಕೈಯಾಡಿಸಿದ್ದಾಯ್ತು, ಈಗ ನಂದೂ ಒಂದು,” ಎಂದು ತಮಾಷೆ ಮಾಡಿದಳೇನೋ ನಿಜ. ಕೊಳವೆ ಕೈಗೆ ತೆಗೆದುಕೊಂಡರೆ ಬಾಯಿ ಒಣಗಿ ಹೋಯಿತು. ಗೆರೆಯವರೆಗೆ ತುಂಬಿಸುವಷ್ಟರಲ್ಲಿ ಇಪ್ಪತ್ತು ನಿಮಿಷ ಹಿಡಿಯಿತು.

ಆರು ವಾರದ ಮೇಲೆ ಮಗಳ ಮೊಬೈಲಿನಲ್ಲಿ ಒಂದು ಪಟ್ಟಿ ಬಂತು. ಎಲ್ಲರಿಗಿಂತ ಮೇಲೆ ಒಬ್ಬ ಗಂಡಸಿನ ಹೆಸರು. ಒಂದೇ ತಾಯಿಯ ಅಥವಾ ಒಂದೇ ತಂದೆಯ ಮಗನಿರಬಹುದು ಎಂದು ಅದರ ಕೆಳಗೆ ಬರೆದಿತ್ತು. ಅವನ ಅಪ್ಪನ ಅಣ್ಣನ ಮಗನೂ ಇದೇ ಪರೀಕ್ಷೆ ಮಾಡಿಸಿದ್ದ. ಆ ದಾಯಾದಿಗೂ ಇವಳಿಗೂ ಏನೇನೂ ಹೊಂದಿಕೆಯಾಗಿರಲಿಲ್ಲ. ಅಂದಮೇಲೆ ನಂಟು ತಾಯಿಯ ಕಡೆಯಿಂದಲೇ. ಹಲ್ಲಕ್ಕ ಅಂದು ಅಡುಗೆಮನೆಗೆ ಹೋಗಿ, ಆಗಲೇ ತೊಳೆದಿದ್ದ ಕೈಯನ್ನು ಮತ್ತೆ ತೊಳೆದು ಬಂದಳು. ಒಂದು ಚಮಚ ಉಗುಳು! ಬೆಳಗೆದ್ದು ಬಾಯಿ ಮುಕ್ಕಳಿಸಿ ಚರಂಡಿಗೆ ಬಿಡುವಂಥದ್ದು. ಅದರೊಳಗೆ ಒಬ್ಬ ತಮ್ಮ ಐವತ್ತನಾಲ್ಕು ವರ್ಷದಿಂದ ಕುಳಿತಿದ್ದ ಎಂದರೆ ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬೆರಗಾಗಿತ್ತು, ಅಷ್ಟೇ.

ಮೊದಲ ಸಲ ಭೇಟಿಯಾದದ್ದು ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ. ಎಣ್ಣೆ ಮೆತ್ತಿದ ಅಂಗಿಯ ಆ ಮನುಷ್ಯ ಏನು ಮಾತಾಡುವುದೆಂದು ತಿಳಿಯದೆ ಪೆಚ್ಚಾಗಿ ನಕ್ಕ. ಮೇಲಿನ ಸಾಲಿನಲ್ಲಿ, ಎಡಗಡೆಯ ಎರಡನೆಯ ಹಲ್ಲು ತುಸು ಪಕ್ಕಕ್ಕೆ ತಿರುಗಿತ್ತು. ಆ ಹಲ್ಲು ಅವಳಿಗೆ ಗೊತ್ತಿತ್ತು. ದಿನಾ ಕನ್ನಡಿಯಲ್ಲಿ ಕಾಣುವ ಹಲ್ಲು ಅದು. ಮಗಳಿಗೂ ಹಾಗೇ ಬಂದಿತ್ತು. ತನ್ನಿಂದಲೇ ಶುರುವಾಯಿತು ಎಂದುಕೊಂಡಿದ್ದ ಹಲ್ಲು, ತನಗಿಂತ ಮೊದಲು ಎಲ್ಲಿಂದಲೋ ಹೊರಟು ಬಂದಿತ್ತು.

“ಒಂದ್ಸಲ ಬಾಯಿ ತೆಗೀತೀಯಾ?” ಎಂದು ಕೇಳಿಬಿಟ್ಟಿದ್ದಳು. ಅವನೂ ಅಷ್ಟು ಜನರ ನಡುವೆ ಒಳ್ಳೆ ಮಗುವಿನ ಹಾಗೆ ‘ಆ’ ಎಂದು ತೆರೆದಿದ್ದ. ಪಕ್ಕದ ಮೇಜಿನವರು ಚಹಾ ಬಿಟ್ಟು ನೋಡಿದರು.

ಆದರೆ ತಾಯಿ ಒಪ್ಪಲಿಲ್ಲ. ಎಂಬತ್ತರ ಆಕೆ ಒಂದು ಕಾಲಕ್ಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವಳು, ಗಂಡ ತೀರಿಕೊಂಡ ಮೇಲೆ ಮಗನ ಜೊತೆಗಿದ್ದಳು. ಇಂಥ ಒಬ್ಬ ಹೆಂಗಸು ಸಿಕ್ಕಿದ್ದಾರೆ, ಹಲ್ಲಿನ ಸೆಟ್ ಕಟ್ಟುತ್ತಾರೆ, ಹೀಗೆ ಹೀಗೆ ಎಂದು ಮಗ ಹೇಳಿದಾಗ, “ನಂಗೆ ನೀನೊಬ್ಬನೇ. ಯಂತ್ರ ಏನೋ ತಪ್ಪು ಹೇಳಿದೆ,” ಎಂದು ಎದ್ದು ಹೋಗಿದ್ದಳಂತೆ. ಎರಡು ತಿಂಗಳು ಆ ಮಾತಿಲ್ಲ. ಹೋದ ವಾರ ಊಟದ ತಟ್ಟೆ ದೂರ ತಳ್ಳಿ, “ಈ ಹಲ್ಲು ಬಾಯಲ್ಲಿ ನಿಲ್ತಾನೇ ಇಲ್ಲ. ನಿನಗೆ ಗೊತ್ತಿರೋರು ಯಾರೋ ಕಟ್ತಾರೆ ಅಂದಿದ್ದೆಯಲ್ಲ, ಅವರನ್ನ ಬರಹೇಳು,” ಎಂದಿದ್ದಳು.

“ಗೊತ್ತಿದ್ದು ಕರೆದಳೋ, ಮರೆತು ಕರೆದಳೋ, ಆ ದೇವರಿಗೇ ಗೊತ್ತು,” ಎಂದಿದ್ದ ತಮ್ಮ ಫೋನಿನಲ್ಲಿ.

ಹಲ್ಲಕ್ಕನಿಗೆ ಆಸ್ತಿಪಾಸ್ತಿ ಬೇಕಿರಲಿಲ್ಲ, ಯಾಕೆ ಕೊಟ್ಟೆ ಎಂಬ ಲೆಕ್ಕವೂ ಬೇಕಿರಲಿಲ್ಲ. ನೀನು ನನ್ನ ಮಗಳು ಎಂದು ಆಕೆ ಒಂದು ಸಲ ಒಪ್ಪಿಕೊಂಡರೆ ಸಾಕಿತ್ತು. ಅದು ಆಗದ ಮಾತಾದರೆ ಕಣ್ಣಾರೆ ನೋಡಿಯಾದರೂ ಬರಬೇಕು. ಬಾಯಿ ಜಾರಿದರೆ ಅದೂ ತಪ್ಪಿಹೋಗುತ್ತದೆ ಎಂದು ಮೆಟ್ಟಿಲುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಹತ್ತಿದ್ದಳು.

ಆಕೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದಳು. ಅಂದುಕೊಂಡದ್ದಕ್ಕಿಂತ ಚಿಕ್ಕ ಜೀವ. ಬಿಳಿ ಕೂದಲನ್ನು ನೀಟಾಗಿ ಬಾಚಿ ಗಂಟು ಹಾಕಿಕೊಂಡಿದ್ದಳು, ತೊಡೆಯ ಮೇಲೆ ಮಡಿಸಿದ ಕರವಸ್ತ್ರ. ಹಲ್ಲಕ್ಕನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, “ಕೂತ್ಕೊಳ್ಳಿ,” ಎಂದಳು. ಸಡಿಲ ಹಲ್ಲು ಆ ಮಾತಿನ ನಡುವೆಯೇ ಟಕ್ಕೆಂದು ಸದ್ದು ಮಾಡಿತು. ಮುದುಕಿಯ ಮುಖ ಕೆಂಪಾಯಿತು.

“ಎಷ್ಟು ವರ್ಷದ ಸೆಟ್ ಇದು?”

“ಹದಿನಾಲ್ಕು.”

“ಅದಕ್ಕೇ ಮತ್ತೆ. ಹಲ್ಲು ಹಾಗೇ ಇದೆ, ಒಸಡು ಸವೆದಿದೆ. ಹೊಸದಕ್ಕೆ ಅಚ್ಚು ತೆಗೀಬೇಕು. ತೆಗೆದು ಈ ಬಟ್ಟಲಲ್ಲಿ ಹಾಕಿ.”

ಮುದುಕಿ ಅಲುಗಲಿಲ್ಲ. “ಅವನನ್ನ ಹೊರಗೆ ಕಳಿಸಿ,” ಎಂದಳು. ತಮ್ಮ ಚಹಾ ಮಾಡುತ್ತೇನೆಂದು ಅಡುಗೆಮನೆಗೆ ಹೋದ. ಆದರೂ ಆಕೆ ಗೋಡೆಯ ಕಡೆ ತಿರುಗಿಕೊಂಡೇ ಹಲ್ಲು ತೆಗೆದಳು. “ಈ ಬಾಯನ್ನ ಯಾರಿಗೂ ತೋರಿಸಿಲ್ಲ,” ಎಂದಳು, ತುಟಿ ಒಳಕ್ಕೆ ಮಡಚಿಕೊಂಡು. “ಇವನ ಅಪ್ಪಂಗೂ ತೋರಿಸಿಲ್ಲ.”

“ನಂಗೆ ತೋರಿಸ್ಬಹುದು,” ಎಂದಳು ಹಲ್ಲಕ್ಕ. ಅದು ಎಲ್ಲರಿಗೂ ಹೇಳುವ ಮಾತೇ.

ಪುಡಿಗೆ ನೀರು ಹಾಕಿ ರಬ್ಬರ್ ಬಟ್ಟಲಿನಲ್ಲಿ ಬೇಗಬೇಗ ಕಲಸಿ, ಆ ಅಂಟನ್ನು ಟ್ರೇಗೆ ತುಂಬಿದಳು. ಮೇಲಿನ ಅಚ್ಚು ತೆಗೆಯುವಾಗ ಹಿಂದೆ ನಿಲ್ಲಬೇಕು, ತಲೆಯನ್ನು ತನ್ನ ಮೈಗೆ ಒರಗಿಸಿಕೊಂಡು ಎರಡು ಬೆರಳಲ್ಲಿ ಟ್ರೇಯನ್ನು ಅಂಗುಳಕ್ಕೆ ಒತ್ತಿ ಹಿಡಿಯಬೇಕು. ಸಾವಿರಾರು ತಲೆಗಳು ಹಾಗೆ ಒರಗಿದ್ದವು. ಈಗ ಈ ತಲೆ ಬಂದು ಹೊಟ್ಟೆಗೆ ಒರಗಿತು. ಬೆರಳುಗಳು ಬೆಚ್ಚಗಿನ ಬಾಯಿಯೊಳಗಿದ್ದವು. ಯಾರ ಮೈಯೊಳಗಿನಿಂದ ತಾನು ಈ ಲೋಕಕ್ಕೆ ಬಂದಳೋ ಅದೇ ಮೈ ಇದು.

“ಮೂಗಲ್ಲಿ ಉಸಿರಾಡಿ. ಗಟ್ಟಿಯಾಗೋಕೆ ಮೂರೇ ನಿಮಿಷ.”

ಆ ಮೂರು ನಿಮಿಷಕ್ಕೆ ಅವಳ ಹತ್ತಿರ ಯಾವಾಗಲೂ ಒಂದು ಕಥೆ ಇರುತ್ತಿತ್ತು. ಬಾಯಿ ತುಂಬ ಅಂಟು ತುಂಬಿಕೊಂಡವರು ಗಾಬರಿಯಾಗದಿರಲೆಂದು ಅವಳೇ ಮಾಡಿಕೊಂಡ ಪದ್ಧತಿ. “ಒಬ್ಬ ಮೇಷ್ಟ್ರಿದ್ರು, ತರಗತೀಲಿ ಜೋರಾಗಿ ಸೀನಿದ್ರಂತೆ, ಹಲ್ಲು ಹೋಗಿ ಮೊದಲನೇ ಬೆಂಚಿನ…” ಎಂದು ಶುರು ಮಾಡಿದಳು. ಮುಂದಿನದು ನಾಲಿಗೆಗೆ ಬರಲಿಲ್ಲ. ನೂರು ಸಲ ಹೇಳಿದ ಕಥೆ, ಪೂರಾ ಮಂಗಮಾಯ.

“ನಂಗೊಬ್ಬಳು ಮಗಳು,” ಎಂದಳು, ಏನಾದರೂ ಹೇಳಬೇಕಲ್ಲ ಎಂದು. “ಔಷಧಿ ಅಂಗಡೀಲಿ ಕೆಲಸ. ಮಾತು ಜಾಸ್ತಿ. ನನ್ನ ಸಾಕಿದವರು ಅವಳನ್ನ ಹೆಗಲ ಮೇಲಿಂದ ಇಳಿಸ್ತಾನೇ ಇರ್ಲಿಲ್ಲ.”

ಸಾಕಿದವರು! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುದುಕಿಯ ಕೈ ಮೇಲೆದ್ದು ಬಂದು ಅವಳ ಮಣಿಕಟ್ಟನ್ನು ಹಿಡಿಯಿತು. ಈಗ ತಳ್ಳುತ್ತಾಳೆ ಎಂದು ಹಲ್ಲಕ್ಕ ಕಣ್ಣು ಮುಚ್ಚಿಕೊಂಡಳು. ಕೈ ತಳ್ಳಲಿಲ್ಲ. ಹಿಡಿದುಕೊಂಡೇ ಇತ್ತು.

“ಒಳ್ಳೇ ಜನ ಅವರು,” ಎಂದಳು ಹಲ್ಲಕ್ಕ, ಆ ಬಿಳಿ ಕೂದಲನ್ನೇ ನೋಡುತ್ತ, ಮೆಲ್ಲಗೆ. “ಸೈಕಲ್ ಅಂಗಡಿ ಇತ್ತು. ಒಂದು ದಿನಾನೂ ಉಪವಾಸ ಮಲಗಿಸ್ಲಿಲ್ಲ. ಜ್ವರ ಬಂದ್ರೆ ಇಬ್ಬರೂ ಎದ್ದು ಕೂತಿರ್ತಿದ್ರು. ಅಪ್ಪ ಹೊಡೆದಿದ್ದು ಒಂದೇ ಸಲ, ಹೊಡೆದು ಅವರೇ ಅತ್ತುಬಿಟ್ರು. ನಂಗೇನೂ ಕಮ್ಮಿ ಆಗ್ಲಿಲ್ಲ. ಇದನ್ನ… ಯಾರಿಗಾದ್ರೂ ಹೇಳ್ಬೇಕು ಅಂತ ತುಂಬ ದಿನದಿಂದ ಇತ್ತು.”

ಬೆರಳ ಮೇಲೆ ಏನೋ ಬೆಚ್ಚಗೆ ಇಳಿಯಿತು. ಜೊಲ್ಲಲ್ಲ, ಮೇಲಿನಿಂದ ಇಳಿದು ಬಂದಿತ್ತು. “ಅಲ್ಲಾಡ್ಬೇಡಿ,” ಎಂದಳು. ಆಕೆ ಅಲ್ಲಾಡುತ್ತಿರಲಿಲ್ಲ.

ಟ್ರೇ ಹೊರಗೆ ಬಂದಾಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹಲ್ಲು ಉದುರಬಹುದು, ದವಡೆ ಸವೆಯಬಹುದು. ಅಂಗುಳದ ಮುಂಭಾಗದ ಗೆರೆಗಳು ಮಾತ್ರ ಕಡೆತನಕ ಹಾಗೇ ಉಳಿಯುತ್ತವೆ. ಗುಲಾಬಿ ಅಂಟಿನಲ್ಲಿ ಅವು ಒಂದೊಂದೂ ಮೂಡಿದ್ದವು. ಕೆಲಸ ಕಲಿಯುವಾಗ ತೆಗೆದ ತನ್ನ ಬಾಯಿಯ ಅಚ್ಚು ಅವಳಿಗೆ ಕಂಠಪಾಠವಾಗಿತ್ತು. ಅದಕ್ಕೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಇಬ್ಬರ ಗೆರೆ ಒಂದೇ ಇರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ಆದರೂ ಹುಡುಕಿದ್ದಳು. ಹೋಲದಿದ್ದರೇನಂತೆ? ತನ್ನನ್ನು ಹೊತ್ತಿದ್ದ ಒಂಬತ್ತು ತಿಂಗಳು ಈಕೆ ಉಂಡ ಪ್ರತಿ ತುತ್ತೂ ಈ ಗೆರೆಗಳಿಗೆ ತಾಗಿ ಒಳಗೆ ಹೋಗಿತ್ತು, ಅದರಿಂದ ತನ್ನ ಕೈಕಾಲು ಮೂಡಿದ್ದವು. ಅಂಥ ಜಾಗ ಈಗ ಅಂಗೈಯಲ್ಲಿತ್ತು, ಇನ್ನೂ ಬೆಚ್ಚಗಿತ್ತು. ಅವಳಿಗೆ ಅದನ್ನು ಕೆಳಗಿಡುವ ಮನಸ್ಸೇ ಬರಲಿಲ್ಲ.

ಅವಳ ಬೆನ್ನ ಹಿಂದೆ ಮುದುಕಿ ಬಾಯಿ ಮುಕ್ಕಳಿಸಿ ಕರವಸ್ತ್ರದಿಂದ ಮೊದಲು ಕಣ್ಣು, ಆಮೇಲೆ ತುಟಿ ಒರೆಸಿಕೊಂಡಳು. ಹಲ್ಲಿಲ್ಲದ ಬಾಯಿಯಲ್ಲಿ ಮಾತು ಮೆತ್ತಗೆ ಬಂತು. “ಕೆಳಗಿಂದೂ ತೆಗೀಬೇಕಲ್ವಾ?”

“ಹೂಂ.”

“ಅದಕ್ಕೂ ಹಿಂದೇನೇ ನಿಂತ್ಕೋತೀಯಾ?”

“ಇಲ್ಲ. ಅದಕ್ಕೆ ಎದುರಿಗೆ ನಿಲ್ಬೇಕು.”

“ಹಾಗಾದ್ರೆ ಬಾ. ಎದುರಿಗೆ ಬಾ.” ಮುದುಕಿ ತಲೆಯೆತ್ತಿದಳು. ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ, ಗೋಡೆಯ ಕಡೆ ತಿರುಗಲೂ ಇಲ್ಲ. “ಹೆತ್ತ ದಿನ ನಂಗೆ ನಿನ್ನ ಮುಖ ತೋರಿಸ್ಲಿಲ್ಲ ಯಾರೂ. ನೋಡಿದ್ರೆ ಬಿಡೋಕಾಗಲ್ಲ ಅಂತ. ಬಟ್ಟೇಲಿ ಸುತ್ತಿ ಎತ್ಕೊಂಡು ಹೋದ್ರು. ಕಾಲೊಂದು ಕಂಡಿತು, ಅಷ್ಟೇ.”

ಹಲ್ಲಕ್ಕ ಎದುರಿಗೆ ಬಂದು ನಿಂತಳು. ಎದುರಿಗಿದ್ದ ಎರಡು ಕಣ್ಣು ಅವಳ ಹಣೆ, ಹುಬ್ಬು, ಕೆನ್ನೆ, ಗಲ್ಲ ಎಲ್ಲವನ್ನೂ ಒಂದೊಂದಾಗಿ ನೋಡುತ್ತಿದ್ದವು.

“ಅಳೋದು ಆಮೇಲೆ. ನಾನು ಹೇಳೋದೂ ತುಂಬ ಇದೆ, ಅದೂ ಆಮೇಲೆ,” ಎಂದಳು ಮುದುಕಿ. “ಮೊದಲು ನಿಂದು ಮುಗೀಲಿ. ಸೈಕಲ್ ಅಂಗಡಿ ಅಂದ್ಯಲ್ಲ. ನಿಂಗೂ ಒಂದು ಸೈಕಲ್ ಕೊಡಿಸಿದ್ರಾ?”

“ಕೊಡಿಸಿದ್ರು. ನೀಲಿದು.”

“ಹೇಳು ಮತ್ತೆ,” ಎಂದು ಆಕೆ ತಾನಾಗಿಯೇ ಬಾಯಿ ತೆರೆದಳು.

ಹಲ್ಲಕ್ಕ ಹೊಸದಾಗಿ ಪುಡಿ ಕಲಸಿ, ಟ್ರೇ ತುಂಬಿ, ಕೆಳದವಡೆಯ ಮೇಲೆ ಕೂರಿಸಿ, ನೀಲಿ ಸೈಕಲ್ಲಿನಿಂದ ಶುರು ಮಾಡಿದಳು. ಸೈಕಲ್ಲಿನಿಂದ ಬಿದ್ದು ಮೊಣಕಾಲು ಒಡೆದದ್ದು, ಶಾಲೆ, ಜಡೆ, ಮೊದಲ ಸಂಬಳ, ಮದುವೆ, ಬಾಣಂತನ. ತಮ್ಮ ಎರಡು ಲೋಟ ಚಹಾ ಹಿಡಿದು ಬಾಗಿಲಿಗೆ ಬಂದು, ಏನಾಗುತ್ತಿದೆಯೆಂದು ತಿಳಿಯದೆ ಅಲ್ಲೇ ನಿಂತ. ಬಟ್ಟಲಲ್ಲಿ ಉಳಿದಿದ್ದ ಅಂಟು ಗಟ್ಟಿಯಾಗಿ ಎಷ್ಟೋ ಹೊತ್ತಾಗಿತ್ತು. ಅದನ್ನು ನೋಡಿ ಹಲ್ಲಕ್ಕ ಮಾತು ನಿಲ್ಲಿಸಿ ಟ್ರೇ ಎತ್ತಲು ಹೋದಳು. ತಾಯಿ ಬಾಯಿ ಮುಚ್ಚದೆ, ಅವಳ ಮುಖದಿಂದ ಕಣ್ಣು ತೆಗೆಯದೆ, ಅವಳ ಕೈಯ ಮೇಲೆ ಕೈಯಿಟ್ಟು ಟ್ರೇಯನ್ನು ಅಲ್ಲೇ ಒತ್ತಿ ಹಿಡಿದಳು.