ಬ್ಯಾಂಕಿಗೆ ಬೇಕಾದ ದನಿ

ನಲವತ್ತು ವರ್ಷ ಒಂದೇ ಸೂರಿನಡಿ ಬಾಳಿದ ಮೇಲೆ ನೋಲೀನಳಿಗೆ ತನ್ನ ಗಂಡನ ನಿಜವಾದ ದನಿ ಕೇಳಿಸಿದ್ದು ಸಮೋವಾದಲ್ಲಿ.

ಡೆಸ್ ಆಸ್ಟ್ರೇಲಿಯಾದ ಗನೆಡಾ ಕುರಿಸಂತೆಯಲ್ಲಿ ಸವಾಲು ಕೂಗುವವನು. ಮನೆಯಲ್ಲೂ ಅವನು ಆಲೂಗೆಡ್ಡೆಯನ್ನು ಬಡಿಸುತ್ತಿರಲಿಲ್ಲ, ಹರಾಜಿಗಿಡುತ್ತಿದ್ದ. ಮದುವೆಯಾಗುತ್ತೀಯಾ ಎಂದು ಕೇಳಿದ ದಿನವೂ ಅವಳು ಬಾಯಿ ತೆರೆಯುವ ಮುನ್ನವೇ ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಎಂದು ಮುಗಿಸಿ, ಅವಳ ಕೈಯನ್ನು ತನ್ನ ಹೆಸರಿಗೆ ಬರೆದುಕೊಂಡಿದ್ದ. ಈ ಪ್ರವಾಸಕ್ಕೆ ಅವಳು ಹಾಕಿದ ಷರತ್ತು ಒಂದೇ: ಕೂಗಕೂಡದು.

ಮೊದಲೆರಡು ದಿನ ಅವನು ಮೂಗನಂತೆ ಓಡಾಡಿದ. ಮೂರನೆಯ ದಿನ, ಅವರು ಇಳಿದುಕೊಂಡಿದ್ದ ಪಿಸಿಲಾಳ ಅತಿಥಿಗೃಹದ ಅಂಗಳದಲ್ಲಿ, ಬಳಸದೆ ಬಿಟ್ಟ ಬಾವಿಯ ತಳದಲ್ಲಿ ನೀರು ಅಲುಗಿದಂತೆ ಒಂದು ದನಿ ಬಂತು: "ನೋಲ್, ಚಹಾ ಕುಡೀತೀಯಾ?" ಅವಳು ಹಿಂತಿರುಗಿ ನೋಡಿದಳು, ಬೇರೆ ಯಾರೋ ಗಂಡಸು ಬಂದಿರಬೇಕೆಂದು. ಅಂದಿನಿಂದ ಆ ದನಿಯನ್ನು ಅವಳು, ಹಕ್ಕಿ ಹಾರೀತೆಂದು ಉಸಿರು ಹಿಡಿದವರ ಹಾಗೆ, ಕೇಳಿಸಿಕೊಳ್ಳುತ್ತಿದ್ದಳು. ಉಳಿದ ವಾರವನ್ನು ಸವಾಯಿ ದ್ವೀಪದ ಕಡಲಂಚಿನಲ್ಲಿ, ಗೋಡೆಗಳಿಲ್ಲದ ಹುಲ್ಲುಮಾಡಿನ ಫಾಲೆಯೊಂದರಲ್ಲಿ ಕಳೆಯುವುದೆಂದು ಇಬ್ಬರೂ ನಿಶ್ಚಯಿಸಿದರು. ಆದರೆ ಮಕ್ಕಳ ಭಾನುವಾರದ ಹಬ್ಬಕ್ಕೆಂದು ಆಕ್ಲೆಂಡಿನಿಂದ ದ್ವೀಪದವರ ನೆಂಟರ ದಂಡು ಇಳಿಯುತ್ತಿತ್ತು. ಸಂಜೆಯೊಳಗೆ ಹಣ ಬಾರದಿದ್ದರೆ ಫಾಲೆ ಬೇರೆಯವರ ಪಾಲು ಎಂದು ಅದರ ಒಡೆಯ ಹೇಳಿ ಕಳಿಸಿದ್ದ.

ಆ ಮಧ್ಯಾಹ್ನವೇ ಬ್ಯಾಂಕು ಡೆಸ್‌ನ ಖಾತೆಗೆ ಬೀಗ ಹಾಕಿತು.

"ಬಂದರಿನ ಹೋಟೆಲಲ್ಲಿ ಬಿಟ್ಟಿ ವೈಫೈ ಸಿಕ್ತು ಅಂತ ಬ್ಯಾಂಕ್ ತೆಗೆದು ನೋಡಿದೆ ತಾನೆ?" ಎಂದಳು ನೋಲೀನ್. "ಮಗಳು ಹೊರಡೋವಾಗ ಏನು ಹೇಳಿದ್ದಳು?"

"ಬೇಡ ಅಂದಿದ್ದಳು," ಎಂದ ಡೆಸ್, ಆ ಹೊಸ ಮೆಲುದನಿಯಲ್ಲಿ. ಅಷ್ಟು ಮೆತ್ತಗೆ ಒಪ್ಪಿಕೊಂಡವನ ಮೇಲೆ ಸಿಟ್ಟು ಮಾಡುವುದೂ ಕಷ್ಟವಾಯಿತು.

ಪಿಸಿಲಾಳ ಅಕ್ಕ ತೌಸಗಾ ತನ್ನ ಫೋನು ಚಾಚಿದಳು. "ನೋಡಿ ಅಮ್ಮಾ, ಫೇಸ್‌ಬುಕ್ಕಲ್ಲಿ ನಿಮ್ಮ ಬ್ಯಾಂಕಿನ ನಂಬರೇ ಇದೆ. ಪಕ್ಕದಲ್ಲಿ ಒಂದು ಚೆಂದದ ಹುಡುಗಿ ಫೋಟೋನೂ ಇದೆ."

"ಚೆಂದದ ಹುಡುಗಿ ಇದ್ದಾಳೆ ಅಂದ್ಮೇಲೆ ಅದು ನಮ್ಮ ಬ್ಯಾಂಕಲ್ಲ," ಎಂದು ನೋಲೀನ್ ಕಾರ್ಡಿನ ಬೆನ್ನಿಗಿದ್ದ ಸಂಖ್ಯೆಗೇ, ತಮ್ಮದೇ ಫೋನಿನಿಂದ ಕರೆ ಮಾಡಿದಳು.

ಅತ್ತ ಕಡೆ ಯಂತ್ರ. 'ನನ್ನ ದನಿಯೇ ನನ್ನ ಗುರುತು' ಎಂದು ಹೇಳಿರಿ ಎಂದಿತು. ಡೆಸ್ ಹೇಳಿದ. ದನಿ ಹೊಂದುತ್ತಿಲ್ಲ ಎಂದಿತು. ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದ. ಹೊಂದುತ್ತಿಲ್ಲ, ಇನ್ನೊಂದು ಸಲ ತಪ್ಪಿದರೆ ಶಾಖೆಗೆ ಖುದ್ದಾಗಿ ಬರಬೇಕು, ಸಿದ್ಧರಾದಾಗ ಮಾತನಾಡಿ ಎಂದು ಸಂಗೀತ ಹಾಕಿತು.

ನೋಲೀನಳಿಗೆ ತಟ್ಟನೆ ಹೊಳೆಯಿತು. ಬ್ಯಾಂಕಿಗೆ ಡೆಸ್ ಗುರುತಿಗೆಂದು ತನ್ನ ದನಿಯನ್ನು ಕೊಟ್ಟಿದ್ದು ಸಂತೆಯ ದಿನ, ಕುರಿದೊಡ್ಡಿಗಳ ಮೇಲಿನ ಹಲಗೆಯ ಮೇಲೆ ನಿಂತು, ಎರಡು ಸವಾಲುಗಳ ನಡುವೆ. ಬ್ಯಾಂಕಿಗೆ ಗೊತ್ತಿದ್ದ ಡೆಸ್ ಆ ಕೂಗುಮಾರಿ. ಅವಳಿಗೆ ಈಗಷ್ಟೇ ಪರಿಚಯವಾದ ಈ ಮೃದುಭಾಷಿಯ ಹೆಸರಿನಲ್ಲಿ ಅಲ್ಲಿ ಒಂದು ಕಾಸೂ ಇರಲಿಲ್ಲ.

ಕೂಗು ಎಂದರೆ ಆ ಹಳೆಯ ಸಂತೆದನಿ ಮತ್ತೆ ಬಂದು ಕೂರುತ್ತದೆ. ಬಂದದ್ದು ಹೋಗುತ್ತದೆಂಬ ಭರವಸೆ ಎಲ್ಲಿದೆ? ಕೂಗಬೇಡ ಎಂದರೆ ಫಾಲೆಯಿಲ್ಲ, ಆ ವಾರವಿಲ್ಲ.

"ಕೂಗು," ಎಂದಳು.

"ನೀನೇ ತಾನೆ ಬೇಡ ಅಂದಿದ್ದು?"

"ಕೂಗು ಅಂದೆ."

ಡೆಸ್ ಪ್ರಯತ್ನಿಸಿದ. ನೆಗಡಿಯಾದ ಹುಂಜದಂತೆ ಒಂದು ಸದ್ದು ಹೊರಟಿತು. "ಆಗಲ್ಲ ನೋಲ್. ಸರಕು ಬೇಕು, ಕೊಳ್ಳೋರು ಬೇಕು. ಗಾಳಿಗೆ ಕೂಗೋಕೆ ನಾನೇನು ನಾಯಿನಾ?"

"ಬೇಗ ಮಾಡಿ ಯಜಮಾನ್ರೇ," ಎಂದಳು ಪಿಸಿಲಾ. "ಸಂಜೆ ಪ್ರಾರ್ಥನೆಯ ಶಂಖ ಊದಿದ್ಮೇಲೆ ಊರಲ್ಲಿ ಯಾರೂ ಉಸಿರೆತ್ತಂಗಿಲ್ಲ. ಹಿರಿಯರು ದಂಡ ಹಾಕ್ತಾರೆ. ಹೋದ ವರ್ಷ ನಮ್ಮ ಭಾವ ಸೀನಿದ್ದಕ್ಕೆ ಒಂದು ಡಬ್ಬಿ ಮಾಂಸ ಕೊಟ್ಟಿದ್ದಾನೆ."

"ಏನನ್ನ ಮಾರಲಿ?"

"ನಿನ್ನನ್ನೇ ಮಾರ್ಕೋ," ಎಂದಳು ನೋಲೀನ್ ಬೇಸರದಿಂದ.

ತೌಸಗಾ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಒಂದು ಬುಟ್ಟಿ ಕೆಸವಿನ ಗೆಡ್ಡೆ ಕೊಡ್ತೀನಿ. ಅದೂ ಹಲ್ಲು ನೋಡಿದ್ಮೇಲೆ."

ಬೆಲೆ ಕಿವಿಗೆ ಬಿದ್ದೊಡನೆ ಡೆಸ್‌ನ ಬೆನ್ನು ನೆಟ್ಟಗಾಯಿತು. ಬೆಂಚು ಹತ್ತಿದ. ಎದೆಯುಬ್ಬಿತು.

"ಒಂದು ಬುಟ್ಟಿ ಕೆಸವು! ಕೇಳ್ರಪ್ಪಾ ಕೇಳಿ! ಒಬ್ಬಳೇ ಒಡತಿ ಸಾಕಿದ ಟಗರು! ಕುಂಟಿಲ್ಲ, ಕೆಮ್ಮಿಲ್ಲ, ಉಣ್ಣೆ ಮಾತ್ರ ಸ್ವಲ್ಪ ಉದುರಿದೆ! ಒಂದು ಬುಟ್ಟಿ, ಒಂದು ಬುಟ್ಟಿ, ಯಾರು ಏರಿಸ್ತೀರಿ?"

"ಕೆಸವು, ಮೇಲೊಂದು ಕೋಳಿ!" ಎಂದಳು ಪಿಸಿಲಾ.

"ಒಂದು ಹಂದಿಮರಿ!" ಎಂದು ಬೇಲಿಯಾಚೆಯ ಮುದುಕಿಯೊಬ್ಬಳು ಹಲ್ಲಿಲ್ಲದ ಬಾಯಲ್ಲಿ ಕೂಗಿದಳು. ಅವಳ ಹಿಂದೆ ಅರ್ಧ ಊರೇ ನಿಂತಿತ್ತು.

"ಹಂದಿಮರಿ! ಅಜ್ಜಿ ಹಂದಿಮರಿ ಅಂದ್ರು! ಒಂದು ಸಾರಿ..."

ಮುದುಕಿಯ ಕಣ್ಣಿನಲ್ಲಿ ತಮಾಷೆ ಕಡಿಮೆ, ಲೆಕ್ಕಾಚಾರ ಹೆಚ್ಚು ಇದ್ದಂತೆ ನೋಲೀನಳಿಗೆ ಕಂಡಿತು.

"ಎರಡು ಹಂದಿ!" ಎಂದು ನೋಲೀನ್ ತಾನೇ ಚೀರಿದಳು. ಅವಳ ಬಳಿ ಒಂದೂ ಇರಲಿಲ್ಲ. ಚೀರುತ್ತಲೇ ಫೋನನ್ನು ಅವನ ಬಾಯಿಗೆ ಒಡ್ಡಿದಳು.

"ಎರಡು ಹಂದಿ! ನನ್ನ-ದನಿಯೇ-ನನ್ನ-ಗುರುತು! ಒಂದು ಸಾರಿ, ಎರಡು ಸಾರಿ, ಮೂರು ಸಾರಿ!"

ತೆಂಗಿನ ಮರದಲ್ಲಿದ್ದ ಬಾವಲಿಗಳು ಎದ್ದು ಹಾರಿದವು. "ಗುರುತು ಖಚಿತವಾಗಿದೆ, ನಮಸ್ಕಾರ ಡೆಸ್ಮಂಡ್," ಎಂದಿತು ಯಂತ್ರ, ಹಳೆಯ ಗೆಳೆಯ ಸಿಕ್ಕಿದ ಸಂಭ್ರಮದಲ್ಲಿ. ಮರುಗಳಿಗೆ ಗುಪ್ತಸಂಖ್ಯೆಯೊಂದು ಫೋನಿನ ತೆರೆಯ ಮೇಲೆ ಮೂಡಿತು. ಕಾವು ಇಳಿಯದ ಡೆಸ್ ಅದನ್ನೂ ಕೈಯೆತ್ತಿ ಕೂಗತೊಡಗಿದ: "ನಾಲ್ಕು! ಏಳು! ಯಾರು..."

"ಏಳು ಹಂದಿನಾ?" ಎಂದಳು ಮುದುಕಿ ಗಾಬರಿಯಿಂದ.

ನೋಲೀನ್ ಹಾರಿ ಅವನ ಬಾಯಿ ಮುಚ್ಚಿದಳು. "ಅದು ಬೆಲೆಯಲ್ಲ ಕಣೋ, ನಮ್ಮ ಮನೆ ಬೀಗದಕೈ!" ಉಳಿದ ಅಂಕಿಗಳನ್ನು ಬೆನ್ನು ತಿರುಗಿಸಿ ತಾನೇ ಒತ್ತಿದಳು. ಬೀಗ ತೆರೆಯಿತು. ಹಣ ಹೋಯಿತು. ಫಾಲೆ ನಿಮ್ಮದು ಎಂಬ ಉತ್ತರವೂ ಬಂತು.

ಆಗ ಶಂಖ ಮೊಳಗಿತು. ಊರು ಊರೇ, ದೀಪದ ಬತ್ತಿ ಇಳಿಸಿದಂತೆ, ಮೌನದೊಳಕ್ಕೆ ಇಳಿಯಿತು. ಎಲ್ಲರೂ ಚಾಪೆಗಳ ಮೇಲೆ ಕುಳಿತರು. ನೋಲೀನ್ ಮಾತ್ರ ಪ್ರಾರ್ಥನೆ ಬಿಟ್ಟು ಇದನ್ನೇ ಯೋಚಿಸುತ್ತಿದ್ದಳು: ಈ ಮೌನದ ಆಚೆ ದಡದಲ್ಲಿ ಯಾವ ಡೆಸ್ ಕಾದಿದ್ದಾನೆ?

ಬಹಳ ಹೊತ್ತಿನ ಮೇಲೆ ಅವನು ಅವಳ ಕಿವಿಯ ಬಳಿ ಬಾಗಿದ. ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ನೋಲ್," ಎಂಬ ಪಿಸುಮಾತು ಬಂತು, ಬಾವಿಯ ತಳದ ನೀರಿನಷ್ಟೇ ತಣ್ಣಗೆ. "ಎರಡು ಹಂದಿ ಜಾಸ್ತಿ ಆಯ್ತು. ಒಂದೂವರೆಗೇ ನಾನು ನಿನಗೆ ಬಿದ್ದಿರ್ತಿದ್ದೆ."

ಅವಳು ನಗುವನ್ನು ತಡೆಯಲು ತುಟಿ ಕಚ್ಚಿಕೊಂಡಳು, ಕಣ್ಣಲ್ಲಿ ನೀರಾಡಿತು.

ಪಿಸಿಲಾ ತಲೆ ತಗ್ಗಿಸಿಯೇ, ತುಟಿ ಅಲುಗಿಸದೆ, ಉಸಿರಲ್ಲಿ ಹೇಳಿದಳು: "ಸುಮ್ನಿರಿ. ದಂಡ ಬಿದ್ರೆ ಹಂದಿಗಳು ಮೂರಾಗ್ತವೆ."